ದೊಡ್ಡಪತ್ರೆಗೆ ಸಿಟ್ಟು ಬಂದದ್ದು

ಭೂಮಿಯ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ದೊಡ್ಡಪತ್ರೆಗೆ ವಾಸನೆಯೇ ಇರಲಿಲ್ಲ. ಎಲೆ ಕಿವುಚಿದರೆ ಬರೀ ನೀರು.

ಹೊಳೆಯ ದಂಡೆಯಲ್ಲಿ ಅವಳೂ ಅವಳ ತಂಗಿಯೂ ಇದ್ದರು. ತಂಗಿ ಆಗಷ್ಟೇ ಮೊಳೆತ ಕೂಸು.

ಒಂದು ಬೆಳಗ್ಗೆ ಮಂಜಿನ ಜೊತೆ ಬೂಷ್ಟು ಬಂದ. ಹತ್ತಿಯ ಹಾಗೆ ಬೆಳ್ಳಗೆ, ಮೆತ್ತಗೆ.

"ಅಕ್ಕಾ, ಕಾಲು ನೋಯ್ತಿದೆ. ಈ ಪುಟ್ಟಿಯ ಎಲೆ ಮೇಲೆ ಸ್ವಲ್ಪ ಕೂತು ಹೋಗ್ತೀನಿ."

"ಕೂತ್ಕೊಳಪ್ಪ, ಅದಕ್ಕೇನಂತೆ" ಅಂದಳು ದೊಡ್ಡಪತ್ರೆ.

ಕೂತವನು ಏಳಲಿಲ್ಲ. ಎಲೆ ತುಂಬ ಹಬ್ಬಿದ, ದಂಟಿಗೂ ಇಳಿದ. "ಅಕ್ಕಾ, ಉಸಿರು ಕಟ್ತಿದೆ" ಅಂದಳು ತಂಗಿ. ದೊಡ್ಡಪತ್ರೆ ಬಾಗಿ ಬಾಗಿ ಕೊಡವಿದಳು. ಅವನು ಅಲುಗಲಿಲ್ಲ. ಬಿಸಿಲೇರುವ ಹೊತ್ತಿಗೆ ತಂಗಿ ಕಪ್ಪಗೆ ಕೊಳೆತು ಮಣ್ಣಿಗೆ ಬಿದ್ದಿದ್ದಳು.

"ಇದು ನ್ಯಾಯವಾ?" ಎಂದು ದೊಡ್ಡಪತ್ರೆ ಗಾಳಿಯನ್ನು ಕೇಳಿದಳು.

"ಅವನ ಹೊಟ್ಟೆಪಾಡು. ಸುಮ್ಮನಿರು" ಅಂದಿತು ಗಾಳಿ.

ಹೊಳೆಯನ್ನು ಕೇಳಿದಳು.

"ಕೂರಿಸಿದ್ದು ನೀನೇ ಅಲ್ವಾ? ಸುಮ್ಮನಿರು" ಅಂದಿತು ಹೊಳೆ.

ಆ ಮಾತಿಗೆ ಅವಳ ಮೈಯೆಲ್ಲ ಉರಿಯಿತು. "ಸುಮ್ಮನಿರಲ್ಲ" ಅಂದಳು.

ಮಣ್ಣಿನಿಂದ ಒಗರು ಎಳೆದುಕೊಂಡಳು. ಸೂರ್ಯನ ಹತ್ತಿರ ಖಾರ ಕೇಳಿದಳು.

"ಮೊದಲು ನಿನ್ನನ್ನೇ ಸುಡುತ್ತೆ ಕಣಮ್ಮ" ಅಂದ ಸೂರ್ಯ.

"ಸುಡಲಿ, ಕೊಡು."

ಎರಡನ್ನೂ ತನ್ನ ಸಿಟ್ಟಿನಲ್ಲಿ ಹಾಕಿ ಕುದಿಸಿದಳು. ಸುಟ್ಟಿತು. ತಡೆದುಕೊಂಡಳು. ಕುದಿದು ಕುದಿದು ಅದು ಎಣ್ಣೆಯಾಯಿತು. ಎಲೆಯ ಸಣ್ಣ ರೋಮಗಳ ತುದಿಯಲ್ಲಿ ಹನಿಹನಿಯಾಗಿ ನಿಂತಿತು.

ಮತ್ತೆ ಮಂಜು ಬಿತ್ತು. ಮತ್ತೆ ಬೂಷ್ಟು ಬಂದ. "ಅಕ್ಕಾ, ಕಾಲು ನೋಯ್ತಿದೆ."

"ಬಾ, ಕೂತ್ಕೋ."

ಅವನು ಕಾಲಿಟ್ಟ. ಎಣ್ಣೆ ತಗುಲಿ ಅವನ ತೆಳ್ಳನೆಯ ಚರ್ಮ ಹರಿಯಿತು. ಒಳಗಿನ ನೀರೆಲ್ಲ ಸೋರತೊಡಗಿತು.

"ಬಿಡು ಅಕ್ಕಾ, ಸಾಯ್ತೀನಿ."

"ನಾನೆಲ್ಲಿ ಹಿಡಿದಿದ್ದೀನಿ? ಕೂತಿದ್ದು ನೀನು."

ಅರ್ಧ ಮೈ ಅಲ್ಲೇ ಸುಕ್ಕಿ ಉದುರಿತು. ಉಳಿದರ್ಧ ಎತ್ತಿಕೊಂಡು ಬೂಷ್ಟು ಓಡಿದ.

"ಆಹಾ, ಎಂಥ ಪರಿಮಳ" ಎನ್ನುತ್ತ ಗಾಳಿ ಹತ್ತಿರ ಬಂತು.

"ಪರಿಮಳ ಅಲ್ಲ, ನನ್ನ ಸಿಟ್ಟು. ದೂರ ನಿಲ್ಲು" ಅಂದಳು ದೊಡ್ಡಪತ್ರೆ.

ತಂಗಿ ತಿರುಗಿ ಬರಲಿಲ್ಲ. ಅಂದಿನಿಂದ ದೊಡ್ಡಪತ್ರೆ, ತನ್ನ ಚಿಗುರು ಕಣ್ಣು ಬಿಡುವ ಮೊದಲೇ ಅದರ ಮೈಗೆ ಆ ಎಣ್ಣೆ ಸವರಿಬಿಡುತ್ತಾಳೆ.

ಅದಕ್ಕೇ ಕಂದಾ, ಮಳೆಗಾಲದಲ್ಲಿ ಗೋಡೆಗೂ ಚಪ್ಪಲಿಗೂ ರೊಟ್ಟಿಗೂ ಹತ್ತುವ ಬೂಷ್ಟು ಹಿತ್ತಲಿನ ದೊಡ್ಡಪತ್ರೆಯ ಹತ್ತಿರ ಸುಳಿಯಲು ಹೆದರುತ್ತಾನೆ, ಅದರ ಉಗುರಿನಷ್ಟು ಕುಡಿ ಚಿವುಟಿದರೂ ನಿನ್ನ ಮೂಗಿಗೆ ಘಾಟು ಹೊಡೆಯುತ್ತದೆ.