ಮೊದಲ ಅಡುಗೆಯ ಎಲೆ

ಹೊಳೆದಂಡೆಯಲ್ಲಿ ಅಚ್ಯುತಯ್ಯ ಎಂಬ ಗುರುಗಳ ಆಶ್ರಮವಿತ್ತು. ಅಲ್ಲಿ ವೇದಾಂತ ಹೇಳಿಕೊಡುತ್ತಿರಲಿಲ್ಲ, ಅಡುಗೆ ಹೇಳಿಕೊಡುತ್ತಿದ್ದರು. ವೇದಾಂತ ಬೇಕಾದವರಿಗೂ ಮೊದಲು ಹೊಟ್ಟೆ ತುಂಬಬೇಕಲ್ಲ.

ಅಲ್ಲಿ ಕಲಿತು ಹೋದ ವಾದಿರಾಜ ಈಗ ದೊಡ್ಡ ಅಡುಗೆಯವನು. ಅವನ ಬಿಡುವು ಕೇಳಿ ಮದುವೆ ದಿನ ಗೊತ್ತು ಮಾಡುವವರೂ ಇದ್ದರು.

ಒಂದು ದಿನ ಅವನು ಗಾಡಿಯಲ್ಲಿ ಹಿತ್ತಾಳೆ ಕೊಪ್ಪರಿಗೆ ಹೇರಿಕೊಂಡು ಬಂದ. ಅದರ ಕಂಠದ ಸುತ್ತ ತನ್ನ ಹೆಸರು ಕೆತ್ತಿಸಿದ್ದ, ದೂರದಿಂದಲೇ ಓದುವಷ್ಟು ದಪ್ಪಗೆ.

"ನೀವು ಕೊಟ್ಟ ವಿದ್ಯೆಗೆ ನನ್ನದೊಂದು ಕಾಣಿಕೆ, ಗುರುಗಳೇ."

"ಒಳ್ಳೆಯದಾಯ್ತು. ಆ ಮೂಲೆಯಲ್ಲಿಡು. ಹೊತ್ತಿಗೆ ಸರಿಯಾಗಿ ಬಂದಿದ್ದೀಯ, ಊಟಕ್ಕೆ ಕೂರು."

ವಾದಿರಾಜನಿಗೆ ಪಿಚ್ಚೆನಿಸಿತು. ಈ ಮುದುಕರು ಹೆಸರನ್ನು ಓದಲೂ ಇಲ್ಲವಲ್ಲ.

ಎಲೆ ಹಾಕಿ ಬಡಿಸಿದವಳು ಪಾರ್ವತಕ್ಕ. ಮಕ್ಕಳೆಲ್ಲ ದೊಡ್ಡವರಾದ ಮೇಲೆ ತನ್ನದೂ ಒಂದು ಕಸುಬು ಇರಲಿ ಎಂದು ಕಲಿಯಲು ಬಂದವಳು. ಅವಳೊಬ್ಬಳೇ ಮಾಡಿದ ಮೊದಲ ಅಡುಗೆ ಇದು. ಬಡಿಸಿದವಳೇ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು.

ಅನ್ನ ಮುದ್ದೆಯಾಗಿತ್ತು. ಹುಳಿಗೆ ಉಪ್ಪು ವಿಪರೀತ. ವಾದಿರಾಜ ಒಂದು ತುತ್ತು ತಿಂದು ಮುಖ ಕಿವುಚಿಕೊಂಡ, ಎಲೆ ಮಡಚಲು ಕೈ ಹಾಕಿದ.

ಗುರುಗಳು ಅವನ ಕೈ ಹಿಡಿದು ಮೆಲ್ಲಗೆ ಹೇಳಿದರು. "ಒಳಗೆ ಅವಳು ಗಂಟು ಕಟ್ಟಿಟ್ಟುಕೊಂಡಿದ್ದಾಳೆ. ನಿನ್ನ ಎಲೆಯಲ್ಲಿ ಅನ್ನ ಉಳಿದರೆ ಈಗಲೇ ಊರಿಗೆ ಹೊರಡ್ತಾಳಂತೆ."

"ನೀವೇ ಉಂಡು ಸಮಾಧಾನ ಹೇಳಬಹುದಿತ್ತಲ್ಲ?"

"ಆಗಲೇ ಉಂಡೆ. ಕಲಿಸಿದವರು ಉಣ್ಣದೆ ಏನು ಮಾಡ್ತೀರಿ ಅಂದಳು."

"ಹಾಗಂತ ಉಪ್ಪಾಗಿದ್ದನ್ನು ಚೆನ್ನಾಗಿದೆ ಅಂತ ಸುಳ್ಳು ಹೇಳಲೇ?"

"ಸುಳ್ಳು ಹೇಳು ಅಂತ ಯಾರಂದರು? ಉಪ್ಪಾಗಿದೆ ಅಂತಲೇ ಹೇಳು. ಎಲೆ ಖಾಲಿ ಮಾಡಿ ಹೇಳು."

ವಾದಿರಾಜನ ಕೈ ಇನ್ನೂ ಅರ್ಧ ಮಡಚಿದ ಎಲೆಯ ಮೇಲೇ ಇತ್ತು.

"ನಿನ್ನ ಮೊದಲ ಅಡುಗೆ ಯಾರು ಉಂಡರು, ನೆನಪಿದೆಯಾ?"

ನೆನಪಿಲ್ಲದೆ ಏನು. ಇದೇ ಜಾಗದಲ್ಲಿ ನಾಗಪ್ಪಯ್ಯ ಕೂತಿದ್ದರು, ಆ ಕಾಲದ ಬಲು ದೊಡ್ಡ ಅಡುಗೆಯವರು. ವಾದಿರಾಜನ ಪಾಯಸ ತಳ ಹಿಡಿದು ಸೀದಿತ್ತು. ಅವರು ಅದನ್ನು ಪೂರ್ತಿ ಉಂಡು, ಇನ್ನೊಂದು ಸೌಟು ಹಾಕಿಸಿಕೊಂಡು, ಕೈ ತೊಳೆದ ಮೇಲೆ ಹತ್ತಿರ ಕರೆದು, "ಹಾಲು ಕುದಿಯುವಾಗ ಸೌಟು ಬಿಟ್ಟು ಎಲ್ಲೂ ಹೋಗಬೇಡ ಮಾರಾಯ" ಅಂದಿದ್ದರು. ಆವತ್ತು ವಾದಿರಾಜನೂ ಗಂಟು ಕಟ್ಟಿಟ್ಟಿದ್ದ. ಅವರ ಮಾತು ಕೇಳಿ ಬಿಚ್ಚಿದ್ದ.

"ಅವರು ಆವತ್ತು ಹಾದಿಯಲ್ಲಿ ಹೋಗ್ತಾ ಬಂದವರು ಅಂದುಕೊಂಡಿದ್ದೆ," ಎಂದ.

"ಹಾದಿಯಲ್ಲಿ ಹೋಗ್ತಾ ಅಲ್ಲಪ್ಪ. ಅವರೂ ಇಲ್ಲೇ ಕಲಿತವರು. ಹೊಸಬರು ಯಾವತ್ತು ಮೊದಲ ಸಲ ಒಲೆ ಹಚ್ಚುತ್ತಾರೆ ಅಂತ ಹೇಳಿ ಕಳಿಸಿ ಕೇಳೋರು. ಆ ದಿನ ಎಂಥ ಮದುವೆ ಇದ್ದರೂ ಬಿಟ್ಟು ಬರೋರು. ಅವರ ಮೊದಲ ಅಡುಗೆಯನ್ನೂ ಯಾರೋ ಹಾಗೇ ಉಂಡಿದ್ದರು."

ವಾದಿರಾಜ ಎಲೆ ಮತ್ತೆ ಬಿಡಿಸಿಕೊಂಡ. ಉಣ್ಣುವುದು ಕಷ್ಟವಾಯಿತು, ಆದರೂ ಉಂಡ.

"ಪಾರ್ವತಕ್ಕಾ, ಇನ್ನೊಂದು ಸೌಟು ಹುಳಿ ಹಾಕಿ."

ಅವಳು ಬಂದು ಬಡಿಸಿದಳು. ಅದನ್ನೂ ಉಂಡು, ಕೈ ತೊಳೆದು ಬಂದು ಅವನು ಹೇಳಿದ.

"ಉಪ್ಪು ಜಾಸ್ತಿಯಾಗಿದೆ ಅಕ್ಕಾ. ಬೇಳೆಗೆ ಹಾಕಿದ್ದು ಮರೆತು ಮತ್ತೆ ಹಾಕಿದ್ದೀರಿ. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ."

ಪಾರ್ವತಕ್ಕ ಅವನ ಎಲೆ ನೋಡಿದಳು. ಅದರಲ್ಲಿ ಒಂದು ಅಗುಳೂ ಇರಲಿಲ್ಲ.

"ನಾಳೆ ರುಚಿ ನೋಡಿ ಹಾಕ್ತೀನಿ," ಅಂದಳು.

ವಾದಿರಾಜ ಒಂದು ತಂಬಿಗೆ ನೀರು ಗಟಗಟ ಕುಡಿದು ಹೊರಡಲು ಎದ್ದ. ಮೂಲೆಯಲ್ಲಿದ್ದ ಕೊಪ್ಪರಿಗೆ ನೋಡಿ ನಾಚಿಕೆಯಾಯಿತು.

"ಇದನ್ನು ವಾಪಸ್ ಒಯ್ಯಲೇ, ಗುರುಗಳೇ?"

"ಯಾಕೆ? ಇರಲಿ ಬಿಡು, ಪಾತ್ರೆ ಬೇಕೇ ಬೇಕು. ಬರೋ ಹುಣ್ಣಿಮೆಗೆ ಇನ್ನೊಬ್ಬ ಹೊಸಬ ಒಲೆ ಹಚ್ಚುತ್ತಾನೆ. ಹಸಿದುಕೊಂಡು ಬಾ."