ಗೆರಟೆಯ ಕೆಳಗೆ

ಹೊಳೆ ಸಮುದ್ರ ಸೇರುವ ಅಳಿವೆಯ ದಡದಲ್ಲಿ ಒಬ್ಬ ಗುರುಗಳಿದ್ದರು. ಅವರಿದ್ದ ಜಾಗವನ್ನು ಜನ ಆಶ್ರಮ ಎನ್ನುತ್ತಿದ್ದರು. ಇದ್ದದ್ದು ಒಂದು ಹಂಚಿನ ಮನೆ, ಒಂದು ಬಾವಿ, ಜಗಲಿಯ ಮೇಲೆ ಸಮುದ್ರದ ನೀರು ತುಂಬಿದ ಒಂದು ಗಾಜಿನ ತೊಟ್ಟಿ, ಅಷ್ಟೆ.

ಆ ಮನೆಗೆ ಸುಬ್ರಾಯ ಎಂಬವನು ಶಿಷ್ಯನಾಗಲು ಬಂದ. ಮನುಷ್ಯ ಕೆಟ್ಟವನಲ್ಲ, ಆದರೆ ಸಂಶಯ ಪಿಶಾಚಿ. ಬಡಿಸಿದ ಅನ್ನವನ್ನೂ ಮೂಸಿ ನೋಡಿಯೇ ಬಾಯಿಗಿಡುವವನು.

ಇದಕ್ಕೆ ಮುಂಚೆ, ಮೊದಲನೆಯ ಗುರು ಮಂತ್ರದಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಎಂದು ಅವರನ್ನು ಬಿಟ್ಟಿದ್ದ. ಎರಡನೆಯವರು ತನ್ನ ಬೆನ್ನ ಹಿಂದೆ ನಕ್ಕರು ಎಂದು ಅವರನ್ನೂ ಬಿಟ್ಟಿದ್ದ. ಈ ಬಾಗಿಲೂ ಮುಚ್ಚಿದರೆ ಇನ್ನು ತನಗೆ ಗುರುವಿಲ್ಲ ಎಂಬ ಹೆದರಿಕೆ ಅವನಿಗೆ ಒಳಗೊಳಗೇ ಇತ್ತು.

"ನನಗೆ ಉಪದೇಶ ಬೇಕು," ಎಂದ.

"ಮೀನು ನೋಡಿಕೊಳ್ಳುತ್ತೀಯಾ?" ಎಂದರು ಗುರುಗಳು.

ತೊಟ್ಟಿಯಲ್ಲಿ ಒಂದು ಜೋಡಿ ಮೀನಿತ್ತು. ಗೋಬಿ ಎಂಬ ಜಾತಿ. ಗಾಡಿಯವರು ಹುರಿದು ಕೊಡುವ ಗೋಬಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಕಿರುಬೆರಳಿನಷ್ಟು ಮೈ, ಅದರ ಮೇಲೊಂದು ನೀಲಿ ಪಟ್ಟೆ, ತಲೆಯ ಮೇಲೆ ಎರಡು ಗುಂಡು ಕಣ್ಣು.

"ಈ ತೊಟ್ಟಿಯ ಮರಿ ಬದುಕಿ ಬೆಳೆದ ದಿನ ನಿನಗೆ ಉಪದೇಶ," ಎಂದರು.

ಪುಕ್ಕಟೆ ಚಾಕರಿ ಮಾಡಿಸಿಕೊಳ್ಳುವ ಉಪಾಯ ಇದು ಎಂದು ಸುಬ್ರಾಯನಿಗೆ ಅಲ್ಲೇ ಅನಿಸಿತು. ಆದರೂ ಚೀಲ ಕೆಳಗಿಟ್ಟ.

ಗುರುಗಳು ದಿನಾ ನಸುಕಿನಲ್ಲಿ ಒಬ್ಬರೇ ಕಡಲ ಕಡೆ ಹೋಗುತ್ತಿದ್ದರು. ಕೈಯಲ್ಲಿ ಬಟ್ಟೆ ಮುಚ್ಚಿದ ಕೊಡ. ಅದರಲ್ಲಿ ಏನಿದೆ ಎಂದು ಹೇಳುತ್ತಿರಲಿಲ್ಲ. ಸುಬ್ರಾಯನ ಸಂಶಯಕ್ಕೆ ಇಷ್ಟು ಸಾಕಾಯಿತು. ಒಂದು ದಿನ ಕಳ್ಳ ಹೆಜ್ಜೆ ಹಾಕುತ್ತಾ ಹಿಂದೆಯೇ ಹೋದ.

ಗುರುಗಳು ತೆರೆಯ ಅಂಚಿನಲ್ಲಿ ಬಗ್ಗಿ, ಬಟ್ಟೆಯಲ್ಲಿ ಸೋಸಿ ಸೋಸಿ ನೀರು ತುಂಬಿಕೊಳ್ಳುತ್ತಿದ್ದರು. ತೊಟ್ಟಿಗೆ ಹಾಕುವ ನೀರು. ಬೇರೇನೂ ಇಲ್ಲ.

ಅವರು ತಿರುಗಿಯೂ ನೋಡಲಿಲ್ಲ. "ಹಿಂದೆ ಬರುವವನು ಇನ್ನೊಂದು ಕೊಡ ತಂದಿದ್ದರೆ ಅನುಕೂಲವಾಗುತ್ತಿತ್ತು," ಎಂದರು.

ಸ್ವಲ್ಪ ಸಮಯಕ್ಕೆ ಹೆಣ್ಣು ಮೀನು ಮೊಟ್ಟೆಯಿಟ್ಟಿತು. ತೊಟ್ಟಿಯ ಮೂಲೆಯಲ್ಲಿ ಒಂದು ತೆಂಗಿನ ಗೆರಟೆ, ಅಂಚು ಒಡೆದು ಬಾಯಿಬಿಟ್ಟ ಅರ್ಧ ಚಿಪ್ಪು, ಕವುಚಿಟ್ಟಿತ್ತು. ಅದರ ಒಳಮೈಗೆ ಸಾಬಕ್ಕಿಗಿಂತ ಎಷ್ಟೋ ಸಣ್ಣ ಮೊಟ್ಟೆಗಳು ಸಾಲಾಗಿ ಅಂಟಿಕೊಂಡವು. ಗಂಡು ಮೀನು ಗೆರಟೆಯೊಳಗೆ ಸೇರಿಕೊಂಡಿತು, ಮತ್ತೆ ಹೊರಗೆ ಬರಲಿಲ್ಲ.

ಅದೇ ವಾರ ಹೆಣ್ಣು ತೊಟ್ಟಿಯಿಂದ ಹಾರಿ ನೆಲಕ್ಕೆ ಬಿದ್ದು ಸತ್ತಿತು. ಈ ಜಾತಿಯ ಮೀನಿಗೆ ಹಾರುವ ಚಟವಿದೆ, ಮೇಲಿನ ಬಲೆ ಒಂದಿಷ್ಟು ಸರಿದಿದ್ದರೂ ಸಾಕು.

ಸುಬ್ರಾಯ ಸೀದಾ ಅಡುಗೆಮನೆಗೆ ಹೋದ. "ಮಾದೇವಕ್ಕ, ಬಲೆ ಸರಿಸಿದ್ದು ನೀನೇ ಅಲ್ಲವಾ? ನಿನಗೆ ಆ ಮೀನಿನ ಮೇಲೆ ಕಣ್ಣಿತ್ತು."

ಅಡುಗೆಯ ಮಾದೇವಿ ಒಗ್ಗರಣೆ ಸೌಟು ಹಿಡಿದೇ ತಿರುಗಿದಳು. "ಹೋಗಾ ಮಾರಾಯ. ಕಿರುಬೆರಳಷ್ಟು ಮೀನಿನಲ್ಲಿ ನಾನು ಎಂತ ಸಾರು ಮಾಡ್ಲಿ? ಬಲೆ ಸರಿಸಿ ಸರಿಸಿ ಒಳಗೆ ಇಣುಕುವವರು ಯಾರು ಅಂತ ಊರಿಗೇ ಗೊತ್ತುಂಟು."

ಸುಬ್ರಾಯ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಬಲೆ ಸರಿಪಡಿಸಿದ.

ಗುರುಗಳು ಇಬ್ಬರನ್ನೂ ಏನೂ ಕೇಳಲಿಲ್ಲ. "ಇನ್ನು ಮೊಟ್ಟೆಯಿಡುವವಳಿಲ್ಲ," ಎಂದರು. "ಗೆರಟೆಯ ಕೆಳಗಿರುವುದೇ ಕೊನೆಯದು."

ಆ ಮಾತು ಸುಬ್ರಾಯನ ಎದೆಗೆ ಹೊಡೆಯಿತು. ಇದು ಹಾಳಾದರೆ ಮರಿಯಿಲ್ಲ. ಮರಿಯಿಲ್ಲದಿದ್ದರೆ ಉಪದೇಶವಿಲ್ಲ. ಅಂದಿನಿಂದ ತೊಟ್ಟಿಯ ಎದುರು ಮಣೆ ಹಾಕಿಕೊಂಡು ಕೂತ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗುರುಗಳು ಓದಲು ಬಳಸುವ ಭೂತಗನ್ನಡಿ.

ನೋಡುತ್ತಾನೆ, ಗಂಡು ಮೀನು ಮೊಟ್ಟೆಗೆ ಬಾಯಿ ಹಾಕುತ್ತಿದೆ. ಒಂದನ್ನು ಕಿತ್ತು ನುಂಗಿತು. ರೆಕ್ಕೆಯಲ್ಲಿ ಗಾಳಿ ಹಾಕುವವರ ಹಾಗೆ ನೀರು ಬೀಸಿತು. ಮತ್ತೊಂದನ್ನು ನುಂಗಿತು.

ಸುಬ್ರಾಯ ಓಡಿದ.

"ಗುರುಗಳೇ, ಅಪ್ಪ ಮೀನೇ ಮಕ್ಕಳನ್ನು ತಿನ್ನುತ್ತಿದೆ."

"ನೀನು ಎಷ್ಟು ಹೊತ್ತಿನಿಂದ ನೋಡುತ್ತಿದ್ದೀ?"

"ಬೆಳಗಿನಿಂದ. ಕಣ್ಣು ಕೀಳಲಿಲ್ಲ."

"ಅದು ನಿನ್ನನ್ನು ಎಷ್ಟು ಹೊತ್ತಿನಿಂದ ನೋಡುತ್ತಿದೆ?"

ಇದೊಂದು ಉತ್ತರವಾ ಎಂದುಕೊಂಡ ಸುಬ್ರಾಯ. ಗುರುಗಳಿಗೆ ಮರಿಯಾಗುವುದೇ ಬೇಡವಾಗಿದೆ, ಮರಿಯಾದರೆ ಉಪದೇಶ ಕೊಡಬೇಕಾಗುತ್ತದಲ್ಲ, ಅದಕ್ಕೇ ಸುಮ್ಮನಿದ್ದಾರೆ ಎಂಬಲ್ಲಿಗೆ ಅವನ ತಲೆ ಓಡಿತು. ಒಮ್ಮೆ ಓಡಿದ ತಲೆ ನಿಲ್ಲಬೇಕಲ್ಲ.

ಮರುದಿನ ಗುರುಗಳು ದೋಣಿಯಲ್ಲಿ ಆಚೆ ದಡಕ್ಕೆ ಹೋದರು. ಅಲ್ಲಿ ಯಾರೋ ಹಾಸಿಗೆ ಹಿಡಿದಿದ್ದರು. ಹೊರಡುವಾಗ, "ಏನೂ ಮಾಡಬೇಡ," ಎಂದಷ್ಟೇ ಹೇಳಿದರು.

ಏನೂ ಮಾಡಬೇಡ ಎಂದದ್ದೇ ಸುಬ್ರಾಯನಿಗೆ ದೊಡ್ಡ ಗುಮಾನಿಯಾಯಿತು. ದೋಣಿ ಕಣ್ಮರೆಯಾದದ್ದೇ ತಡ, ಗೆರಟೆ ಎತ್ತಿ, ಗಂಡು ಮೀನನ್ನು ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿ, ಗೆರಟೆಯನ್ನು ಮತ್ತೆ ಕವುಚಿಟ್ಟ. ಮೊಟ್ಟೆಗಳನ್ನು ಉಳಿಸಿದೆ ಎಂದು ಆ ದಿನ ಹೊಟ್ಟೆ ತುಂಬಾ ಉಂಡ.

ಗುರುಗಳು ಬರುವುದು ಎರಡು ದಿನ ತಡವಾಯಿತು. ಅಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಮೊಟ್ಟೆ ಬೆಳ್ಳಗಾಯಿತು. ಬೆಳ್ಳಗಾದದ್ದರ ಮೇಲೆ ಹತ್ತಿಯಂಥ ಬೂಷ್ಟು ಬಂತು. ಬೂಷ್ಟು ಪಕ್ಕದ ಮೊಟ್ಟೆಗೆ ಹತ್ತಿತು, ಅಲ್ಲಿಂದ ಅದರ ಪಕ್ಕದ್ದಕ್ಕೆ.

"ಮಾದೇವಕ್ಕ, ನೀರಿಗೆ ಸೋಪು ಬಿದ್ದಿದೆಯಾ?"

"ನಿನ್ನ ತಲೆಗೆ ಬಿದ್ದಿದೆ," ಎಂದಳು ಮಾದೇವಿ.

ಗುರುಗಳು ಬಂದರು. ತೊಟ್ಟಿ ನೋಡಿದರು, ಬಕೆಟ್ಟು ನೋಡಿದರು. ಸುಬ್ರಾಯ ಬೈಗುಳಕ್ಕೆ ಕಾದು ನಿಂತಿದ್ದ. ಬೈಗುಳ ಬರಲಿಲ್ಲ. ಅವರ ಮುಖ ಮಾತ್ರ ಚಿಕ್ಕದಾಯಿತು, ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಯಿತು.

ಅವರು ಗಂಡು ಮೀನನ್ನು ಬೊಗಸೆಯಲ್ಲಿ ತಂದು ತೊಟ್ಟಿಗೆ ಬಿಟ್ಟರು. ಮೀನು ಒಂದು ಸುತ್ತು ಹಾಕಿ ಗೆರಟೆಯ ಬಾಯಿಯಲ್ಲಿ ನಿಂತಿತು.

"ಭೂತಗನ್ನಡಿ ಇದೆಯಲ್ಲ, ಈಗ ನೋಡು," ಎಂದರು. "ಒಂದೇ ಸಲ."

ಸುಬ್ರಾಯ ನೋಡಿದ. ಮೀನು ಒಳಗೆ ಹೋಗಿ ಬೆಳ್ಳಗಾದ ಮೊಟ್ಟೆಗೆ ಬಾಯಿ ಹಾಕಿತು. ಪಕ್ಕದಲ್ಲಿ ಇನ್ನೊಂದು ಮೊಟ್ಟೆಯಿತ್ತು, ತಿಳಿಯಾಗಿತ್ತು, ಒಳಗೆ ಎರಡು ಕಪ್ಪು ಚುಕ್ಕಿ. ಕಣ್ಣು. ಮೀನು ಅದನ್ನು ಮುಟ್ಟಲಿಲ್ಲ. ಅದನ್ನು ದಾಟಿ, ಮುಂದಿದ್ದ ಬೆಳ್ಳಗಿನದನ್ನು ಕಿತ್ತಿತು.

ಸುಬ್ರಾಯ ಭೂತಗನ್ನಡಿ ಕೆಳಗಿಟ್ಟ. "ಸತ್ತದ್ದನ್ನು ಮಾತ್ರ ತೆಗೆಯುತ್ತಿತ್ತಾ?"

ಗುರುಗಳು ಹೆಗಲ ಶಾಲು ತೆಗೆದು ಗಾಜಿನ ಮೇಲೆ ಇಳಿಬಿಟ್ಟರು. ತೊಟ್ಟಿಯ ಒಳಗು ಮರೆಯಾಯಿತು.

"ಈಗ ಹೆದರಿದೆ ಅದು. ಹೆದರಿದ ಮೀನು ಒಳ್ಳೆಯದನ್ನೂ ತಿನ್ನುತ್ತದೆ. ತಿಂದರೆ ತಿಂದಿತು."

"ಹಾಗಾದರೆ ನಾನು ಏನು ಮಾಡಲಿ?"

"ಈ ಮಣೆಯ ಮೇಲೆ ಕೂರು. ಬೆನ್ನು ತೊಟ್ಟಿಯ ಕಡೆಗಿರಲಿ."

ಸುಬ್ರಾಯ ಕೂತ. ಜನ್ಮದಲ್ಲಿ ಅವನು ಯಾವುದಕ್ಕೂ ಹಾಗೆ ಬೆನ್ನು ಕೊಟ್ಟು ಕೂತವನಲ್ಲ. ಹಿಂದೆ ತೊಟ್ಟಿಗೆ ಗಾಳಿ ಊದುವ ಕೊಳವೆಯ ಗುಳ್ಳೆ ಗುಳುಗುಳು ಎನ್ನುತ್ತಿತ್ತು. ಈಗ ತಿಂದಿತು, ಈಗ ಮುಗಿಸಿತು, ಈಗ ಒಂದೂ ಉಳಿದಿಲ್ಲ ಎಂದು ಮನಸ್ಸು ಕುಟ್ಟುತ್ತಲೇ ಇತ್ತು. ಊಟ ರುಚಿಸಲಿಲ್ಲ. ಮೂಸಿ ನೋಡುವುದೂ ಮರೆತುಹೋಯಿತು.

ಒಂದು ಮಧ್ಯಾಹ್ನ ಗುರುಗಳಿಗೆ ಜೊಂಪು ಹತ್ತಿತ್ತು, ಮಾದೇವಿ ಬಾವಿಯ ಹತ್ತಿರ ಇದ್ದಳು. ಸುಬ್ರಾಯನ ಕೈ ತಾನಾಗಿ ಹಿಂದೆ ಹೋಗಿ ಶಾಲಿನ ಅಂಚು ಹಿಡಿಯಿತು. ಒಂದೇ ಒಂದು ಸಲ, ಯಾರಿಗೆ ಗೊತ್ತಾಗುತ್ತದೆ?

ಒಳಗಿರುವುದಕ್ಕೆ ಗೊತ್ತಾಗುತ್ತದೆ.

ಅವನು ಅಂಚನ್ನು ಬಿಟ್ಟ. ಬಿಟ್ಟು, ಯಾಕೆಂದು ತಿಳಿಯದೆ ಅತ್ತ.

ಕೆಲವು ದಿನಗಳ ಮೇಲೆ, ಹೊತ್ತು ಮುಳುಗಿ ದೀಪ ಹಚ್ಚುವ ವೇಳೆಗೆ, ಗುರುಗಳು ಬಂದು ಶಾಲು ತೆಗೆದರು. ತೊಟ್ಟಿಯ ಒಂದು ಮೂಲೆಗೆ ದೀಪ ಹಿಡಿದರು.

"ಈ ಕಡೆ ತಿರುಗು," ಎಂದರು.

ಸುಬ್ರಾಯನಿಗೆ ತಿರುಗಲು ಧೈರ್ಯ ಸಾಲಲಿಲ್ಲ. ಕಡೆಗೂ ತಿರುಗಿದ.

ಬೆಳಕಿನ ಕಡೆಗೆ ಧೂಳಿನ ಕಣಗಳಂತೆ ಏನೋ ಏರಿ ಬರುತ್ತಿದ್ದವು. ಒಂದೊಂದಕ್ಕೂ ಎರಡು ಕಣ್ಣು, ಹಿಂದೆ ಎಳೆಯಂಥ ಬಾಲ. ತುಂಬಾ ಇರಲಿಲ್ಲ. ಆದರೆ ಇದ್ದವು.

ಗಂಡು ಮೀನು ಗೆರಟೆಯಿಂದ ಹೊರಗೆ ಬಂತು. ಅದರ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಅಷ್ಟು ದಿನ ಹೊಟ್ಟೆ ತುಂಬಾ ತಿಂದಿದೆ ಎಂದು ತಾನು ಗುಮಾನಿಪಟ್ಟ ಮೀನು ಇದೇನಾ ಎಂದು ಸುಬ್ರಾಯನಿಗೆ ನಾಚಿಕೆಯಾಯಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಗುರುಗಳು ಮಾತ್ರ ಸೌಟು ತಂದು, ಮರಿಗಳನ್ನು ಸರಸರನೆ ಮೊಗೆದು ಬೇರೆ ಗಾಜಿನ ಭರಣಿಗೆ ಹಾಕುತ್ತಿದ್ದರು. ಅದರಲ್ಲಿ ಹಸಿರು ಪಾಚಿ ನೀರಿತ್ತು, ಮರಿಗಳಿಗೆ ಬೇಕಾದ ಕಣ್ಣಿಗೆ ಕಾಣದ ತಿಂಡಿ ಅದರಲ್ಲೇ ಬೆಳೆದಿತ್ತು.

"ಯಾಕೆ ಬೇರೆ ಮಾಡುತ್ತೀರಿ?" ಎಂದು ಕೇಳಿದ ಸುಬ್ರಾಯ. "ಅಪ್ಪ ನೋಡಿಕೊಳ್ಳುವುದಿಲ್ಲವೇ?"

"ಇಲ್ಲ, ಇನ್ನು ತಿನ್ನುತ್ತದೆ. ಕಾವಲು ಮುಗಿಯಿತು, ಈಗ ಅದಕ್ಕೆ ಹಸಿವು."

ಸುಬ್ರಾಯ ಮುಖದಿಂದ ಕೈ ತೆಗೆದ. "ಹಾಗಾದರೆ ನನ್ನ ಅನುಮಾನ ಸರಿಯಾಗಿತ್ತು."

"ಸರಿಯಾಗಿತ್ತು. ಹೊತ್ತಿಗೆ ಮುಂಚೆ ಬಂದಿತ್ತು. ಆ ಇನ್ನೊಂದು ಸೌಟು ತಾ."

ಸುಬ್ರಾಯ ಸೌಟು ತಂದ. ಇಬ್ಬರೂ ಕೂಡಿ ಮೊಗೆದರು. ಕೊನೆಯ ಮರಿ ಭರಣಿ ಸೇರಿದ ಮೇಲೆ ಗುರುಗಳು ಗಂಡು ಮೀನಿಗೆ ಒಂದು ಚಿಟಿಕೆ ಆಹಾರ ಹಾಕಿದರು. ಅದು ಗಬಗಬ ತಿಂದಿತು.

ಸುಬ್ರಾಯ ಸೌಟು ಕೆಳಗಿಟ್ಟ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದ.

"ಗುರುಗಳೇ, ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಆದ ಮೇಲೂ ನನಗೆ ಒಂದು ಸಂಶಯ ಹೋಗಿಲ್ಲ. ಆ ಮೊದಲಿನ ಗುರುವಿನ ಹಾಗೆ ನೀವೂ ನನ್ನಿಂದ ಏನೋ ಮುಚ್ಚಿಟ್ಟಿದ್ದೀರಿ."

ಗುರುಗಳು ಖಾಲಿ ಗೆರಟೆಯನ್ನು ತೊಳೆದು, ಮತ್ತೆ ಅದೇ ಮೂಲೆಯಲ್ಲಿ ಕವುಚಿಟ್ಟರು.

"ಹೌದು, ಮುಚ್ಚಿಟ್ಟಿದ್ದೇನೆ," ಎಂದರು. "ನೀನು ಇನ್ನೊಮ್ಮೆ ಗೆರಟೆ ಎತ್ತದಿದ್ದರೆ, ಈ ಮರಿಗಳ ಹಾಗೆ ಅದೂ ಕಣ್ಣು ಬಿಟ್ಟೀತು."