ಅರಿಶಿನ ಹತ್ತಿದ ಕಾದಂಬರಿ

ಬಾಡಿಗೆ ಪುಸ್ತಕದಂಗಡಿಯ ಕಪಾಟಿನಲ್ಲಿ ಮಧ್ಯಾಹ್ನದ ಬಿಸಿಲು ಕನಸಿನಂತೆ ತೇಲುತ್ತಿತ್ತು. ಚಿನ್ನದ ಅಕ್ಷರದ ವಿಮರ್ಶಾ ಗ್ರಂಥವೊಂದು ಪಕ್ಕದ ಪ್ರೇಮ ಕಾದಂಬರಿಯನ್ನು ಹಂಗಿಸಿತು: “ಮೈಯೆಲ್ಲ ಅರಿಶಿನದ ಕಲೆ, ಒಗ್ಗರಣೆಯ ವಾಸನೆ! ಹೆಂಗಸರ ಹಗಲುಗನಸು ನೀನು. ನಿನಗೂ ಸಾಹಿತ್ಯವೆಂಬ ಹೆಸರೇ?”

“ಸ್ವಾಮಿ, ಓದಿ ಮುಗಿಸಿದ ಗುರುತಿಗೆ ಒಬ್ಬೊಬ್ಬಳೂ ನನ್ನ ಹತ್ತನೇ ಪುಟದಲ್ಲಿ ಚುಕ್ಕಿಯಿಟ್ಟಿದ್ದಾಳೆ. ಅಲ್ಲೀಗ ಒಂದು ಆಕಾಶವೇ ಇದೆ. ನಿಮ್ಮಲ್ಲಿ ಎಷ್ಟು ಚುಕ್ಕಿ?”

“ನನ್ನನ್ನು ಜನ ಗೌರವಿಸುತ್ತಾರೆ, ಮುಟ್ಟುವುದಿಲ್ಲ.”

“ಅಂಥ ಮನೆಯೇ ನಮಗೆ ಬೇಕಾಗಿತ್ತು,” ಎನ್ನುತ್ತ ಗೆದ್ದಲುಗಳು ಗ್ರಂಥದ ಬೆನ್ನಿನೊಳಗೆ ನುಗ್ಗಿದವು.

ಅಷ್ಟರಲ್ಲಿ ಹೆಂಗಸೊಬ್ಬಳ ಕೈ ಬಂದು ಕಾದಂಬರಿಯನ್ನು ಎತ್ತಿಕೊಂಡಿತು.

“ಅಮ್ಮಾ, ನನ್ನನ್ನೂ ತೆರೆಯಲು ಅವಳಿಗೆ ಹೇಳು! ಒಂದೇ ಸಲ ಕೊಡವಿದರೂ ಬದುಕುತ್ತೇನೆ!” ಎಂದು ಗ್ರಂಥ ಕಾದಂಬರಿಯನ್ನು ಕೂಗಿ ಬೇಡಿತು.

“ಹೇಳುತ್ತೇನೆ ಸ್ವಾಮಿ. ಅರಿಶಿನ ಹತ್ತುತ್ತದೆ, ಪರವಾಗಿಲ್ಲವೇ?”